ತೋಟದ ಮನೆಯಲ್ಲಿ ಟ್ರೇಡಿಂಗ್: ಎಂಥ ಡೆಸ್ಕ್‌ಟಾಪ್ ಹಾಕಿಸಬೇಕು?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ತೋಟದೊಳಗೆ ನಮ್ಮ ಮನೆ. ಇಷ್ಟು ದಿನ ಮೊಬೈಲಿನಲ್ಲೇ ಷೇರು ಮತ್ತು ನಿಫ್ಟಿ ಆಪ್ಷನ್ ಟ್ರೇಡಿಂಗ್ ಮಾಡುತ್ತಿದ್ದೆ. ಈಗ ಡೆಸ್ಕ್‌ಟಾಪ್ ಹಾಕಿಸಬೇಕೆಂದಿದ್ದೇನೆ. ಮೈಸೂರಿನ ಅಂಗಡಿಯೊಂದು ಕೊಟ್ಟ ಕೊಟೇಶನ್ ಹೀಗಿದೆ: ಐ9 ಪ್ರೊಸೆಸರ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 24 ಇಂಚಿನ ನಾಲ್ಕು ಮಾನಿಟರ್, 600 ವಿಎ ಯುಪಿಎಸ್. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದೆ, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಈ ಕೊಟೇಶನ್ ಒಪ್ಪಿಕೊಳ್ಳಬಹುದೇ?

ಉತ್ತರ: ಬೇಡ. ಈ ಕೊಟೇಶನ್ ಗೇಮ್ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಸರಿ. ನಿಮ್ಮ ಊರಿನಲ್ಲಿ ಟ್ರೇಡಿಂಗ್ ಮಧ್ಯದಲ್ಲಿ ನಿಂತುಹೋದರೆ ಅದಕ್ಕೆ ಪ್ರೊಸೆಸರ್ ಕಾರಣವಾಗಿರುವುದಿಲ್ಲ. ಕರೆಂಟ್ ಹೋಗಿರುತ್ತದೆ, ಫೈಬರ್ ಮೇಲೆ ಕೊಂಬೆ ಬಿದ್ದಿರುತ್ತದೆ, ಇಲ್ಲವೇ ಸಿಡಿಲಿಗೆ ರೂಟರ್ ಸುಟ್ಟಿರುತ್ತದೆ. ಹಾಗಾಗಿ ಕಂಪ್ಯೂಟರಿನ ಖರ್ಚನ್ನು ಅರ್ಧಕ್ಕೆ ಇಳಿಸಿ, ಉಳಿದ ಹಣವನ್ನು ಅರ್ಥಿಂಗ್, ವಿದ್ಯುತ್ ಬ್ಯಾಕಪ್ ಮತ್ತು ಎರಡನೇ ಇಂಟರ್‌ನೆಟ್‌ಗೆ ಹಾಕಿ.

ಖರ್ಚಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2024ರ ಸೆಪ್ಟೆಂಬರಿನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ದಿನದ ಬೆಲೆಯ ಮೇಲಿನ ಒಪ್ಪಂದಗಳು) ವ್ಯವಹಾರ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93% ಮಂದಿ ನಷ್ಟ ಅನುಭವಿಸಿದ್ದಾರೆ. ದುಬಾರಿ ಯಂತ್ರ ತಂದರೆ ಈ ಲೆಕ್ಕ ಬದಲಾಗುವುದಿಲ್ಲ. ಕಂಪ್ಯೂಟರಿನ ಸಾಲದ ಕಂತನ್ನು ಮುಂದೆ ಬರುವ ಲಾಭದಿಂದ ಕಟ್ಟುವ ಯೋಚನೆ ಇದ್ದರೆ ಈಗಲೇ ಬಿಡಿ.

ಪ್ರೊಸೆಸರ್‌ನಿಂದ ಶುರು ಮಾಡೋಣ. ಬ್ರೋಕರ್‌ನ ವೆಬ್‌ಸೈಟ್, ಟ್ರೇಡಿಂಗ್‌ವ್ಯೂ ಚಾರ್ಟ್, ಆಪ್ಷನ್‌ಗಳ ಬೆಲೆಪಟ್ಟಿಯಾದ ಆಪ್ಷನ್ ಚೈನ್, ಇವೆಲ್ಲ ನಡೆಯುವುದು ಬ್ರೌಸರ್‌ನಲ್ಲಿ. ಒಂದು ಚಾರ್ಟ್ ಬಿಡಿಸುವ ಕೆಲಸ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬೀಳುತ್ತದೆ. ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ಮುಖ್ಯ. ಆರು ಕೋರ್‌ನ ಐ5-12400 ಅಥವಾ ಅದರ ನಂತರದ ಐ5, ಇಲ್ಲವೇ ರೈಜೆನ್ 5 5600ಜಿ ಧಾರಾಳ ಸಾಕು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಸರ್ವರ್ ಇರುವುದು ಮುಂಬೈಯಲ್ಲಿ. ನಿಮ್ಮ ಆರ್ಡರ್ ಬ್ರೋಕರ್ ಮೂಲಕ ಅಲ್ಲಿಗೆ ಹೋಗಿ ಬರಲು ಹಿಡಿಯುವ ಹೊತ್ತಿನ ಮುಂದೆ ಐ5ಗೂ ಐ9ಗೂ ಇರುವ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಇಂಟೆಲ್ ತೆಗೆದುಕೊಂಡರೆ ಹೆಸರಿನ ಕೊನೆಯಲ್ಲಿ 'ಎಫ್' ಇರುವುದು ಬೇಡ. 12400ಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಪರದೆಗೆ ಚಿತ್ರ ಕೊಡುವ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ ಬೇರೆ ಕಾರ್ಡ್ ಕೊಳ್ಳಲೇಬೇಕಾಗುತ್ತದೆ.

ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿ. ಒಳಗಿನ ಗ್ರಾಫಿಕ್ಸ್ ಮುಖ್ಯ ರ‍್ಯಾಮನ್ನೇ ಬಳಸುವುದರಿಂದ ಎರಡು ಕಡ್ಡಿ ಇದ್ದರೆ ಚಾರ್ಟ್ ಸರಾಗವಾಗಿ ಸರಿಯುತ್ತದೆ. ಒಟ್ಟಿಗೆ ಇಪ್ಪತ್ತು ಮೂವತ್ತು ಟ್ಯಾಬ್ ತೆರೆದಿಡುವ ಅಭ್ಯಾಸವಿದ್ದರೆ ಮಾತ್ರ 32 ಜಿಬಿ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಆರ್‌ಟಿಎಕ್ಸ್ 4060 ಅನ್ನು ಕೊಟೇಶನ್‌ನಿಂದ ಪೂರ್ತಿ ಹೊಡೆದುಹಾಕಿ. 12400ರ ಒಳಗಿನ ಗ್ರಾಫಿಕ್ಸ್ ನಾಲ್ಕು ಪರದೆಗಳನ್ನು ನಡೆಸಬಲ್ಲದು. ಆದರೆ ಮದರ್‌ಬೋರ್ಡ್ ಅದಕ್ಕೆ ಅವಕಾಶ ಕೊಡಬೇಕು. ಬೋರ್ಡಿನ ಮುಖ್ಯ ಚಿಪ್ (ಚಿಪ್‌ಸೆಟ್) ಎಚ್610 ಆದರೆ ಮಿತಿ ಮೂರು ಪರದೆ, ಬಿ760 ಆದರೆ ನಾಲ್ಕು. ಚಿಪ್‌ಸೆಟ್‌ಗಿಂತ ಮುಖ್ಯವಾಗಿ ಬೋರ್ಡಿನ ಹಿಂಬದಿಯ ಫೋಟೊ ನೋಡಿ ಪೋರ್ಟ್‌ಗಳನ್ನು ಎಣಿಸಿ. ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇದ್ದರೆ ಎರಡು ಮಾನಿಟರ್ ಆರಾಮವಾಗಿ ನಡೆಯುತ್ತವೆ. ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಬೋರ್ಡಿನ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಅದೇ ಕೇಬಲನ್ನು ತಿರುಗಿಸಿ ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹಾಕಿದರೆ ಚಿತ್ರ ಬರುವುದಿಲ್ಲ. ಅದಕ್ಕೆ ವಿದ್ಯುತ್ ಕೊಡಬೇಕಾದ ಬೇರೆ ಪರಿವರ್ತಕವೇ ಬೇಕು.

ಮುಂದೆ ನಾಲ್ಕು ಪರದೆ ಬೇಕೆನಿಸಿದರೆ ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್ ಇರುವ ಎನ್‌ವಿಡಿಯಾ ಟಿ600 ಅಥವಾ ಟಿ1000 ಮಾದರಿಯ ಸಣ್ಣ ಕಾರ್ಡ್ ಸೇರಿಸಬಹುದು. ಅಗ್ಗವೆಂದು ಜಿಟಿ 710, ಜಿಟಿ 730 ತರಬೇಡಿ, ಅವುಗಳಿಗೆ ಹೊಸ ಡ್ರೈವರ್ ಬರುವುದು ನಿಂತಿದೆ. ಕಾರ್ಡ್ ಹಾಕಿದ ಮೇಲೆ ಬೋರ್ಡಿನ ಪೋರ್ಟ್‌ಗೆ ಸಿಕ್ಕಿಸಿದ ಮಾನಿಟರ್ ಕಪ್ಪಾಗುವುದುಂಟು. ಮಾನಿಟರ್ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್) ಐಜಿಪಿಯು ಮಲ್ಟಿ ಮಾನಿಟರ್ ಆಯ್ಕೆ ಆನ್ ಆಗಿದೆಯೇ ನೋಡಿ.

ಸದ್ಯಕ್ಕೆ ನಾಲ್ಕು ಮಾನಿಟರ್ ಬೇಡ. 27 ಇಂಚಿನ 2560×1440 ಪರದೆ ಒಂದು, 24 ಇಂಚಿನ 1920×1080 ಪರದೆ ಒಂದು, ಎರಡೂ ಓರೆಯಿಂದಲೂ ಸ್ಪಷ್ಟವಾಗಿ ಕಾಣುವ ಐಪಿಎಸ್ ಪರದೆಯಾಗಿರಲಿ. ದೊಡ್ಡದರಲ್ಲಿ ಚಾರ್ಟ್. ಚಿಕ್ಕದನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿದರೆ ಆಪ್ಷನ್ ಚೈನ್ ಮತ್ತು ಆರ್ಡರ್ ಪಟ್ಟಿ ಉದ್ದಕ್ಕೆ ಕಾಣುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ದೂರ 50ರಿಂದ 70 ಸೆಂ.ಮೀ. ಇರಲಿ. ತೋಳಿನ ಸ್ಟ್ಯಾಂಡನ್ನು ಮೇಜಿಗೆ ಕಚ್ಚಿಸಿ. ಮಳೆಗಾಲದಲ್ಲಿ ನೀರು ಜಿನುಗುವ ಹೊರಗೋಡೆಗೆ ಮಾನಿಟರ್ ತೂಗುಹಾಕುವುದು ಅಪಾಯ.

ಹಳೆಯ ಆಫೀಸ್ ಕಂಪ್ಯೂಟರ್ ಕೊಳ್ಳುವುದೂ ಒಳ್ಳೆಯ ದಾರಿಯೇ. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ನಂತರದ್ದು ಬೇಕು. ಡೆಲ್ ಆಪ್ಟಿಪ್ಲೆಕ್ಸ್‌ನಲ್ಲಿ 7050 ಆಗುವುದಿಲ್ಲ, 7060 ಆಗುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಹಣ ಕೊಡುವ ಮೊದಲು ಪ್ರೊಸೆಸರ್ ನಂಬರನ್ನು ಪರದೆಯ ಮೇಲೆ ತೆಗೆಸಿ ಓದಿ.

ಇನ್ನು ವಿದ್ಯುತ್. ಮೇಲೆ ಹೇಳಿದ ಕಂಪ್ಯೂಟರ್ ಚಾರ್ಟ್ ಕೆಲಸದಲ್ಲಿ ಸುಮಾರು 50–60 ವ್ಯಾಟ್, ಎರಡು ಮಾನಿಟರ್ ಸೇರಿ 50–55, ಫೈಬರ್ ಮೋಡೆಮ್ ಮತ್ತು ರೂಟರ್ 15–20 ವ್ಯಾಟ್ ಎಳೆಯುತ್ತವೆ. ಒಟ್ಟು 130 ವ್ಯಾಟ್ ಎಂದಿಟ್ಟುಕೊಳ್ಳಿ. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ. ಹೊಸದರಲ್ಲಿ ಅದು ಕಾಲು ಗಂಟೆ ತಡೆದೀತು, ಎರಡು ವರ್ಷ ಕಳೆದರೆ ಐದು ನಿಮಿಷ. ನಿಮ್ಮ ಇನ್ವರ್ಟರ್ ಬ್ಯಾಟರಿಯಲ್ಲಿರುವುದು 12×150, ಅಂದರೆ 1800 ವ್ಯಾಟ್ ಅವರ್. ಪರಿವರ್ತನೆಯಲ್ಲಿ ಹೋಗುವುದನ್ನೂ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬುದನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1000. ಟ್ರೇಡಿಂಗ್ ಸೆಟ್ ಒಂದಕ್ಕೇ ಆದರೆ ಏಳು ಗಂಟೆ. ಮನೆಯ ದೀಪ, ಟಿವಿ ಸೇರಿದರೆ ನಾಲ್ಕೈದು ಗಂಟೆ. ಮಾರುಕಟ್ಟೆ ನಡೆಯುವುದು 9.15ರಿಂದ 3.30ರವರೆಗೆ, ಆರೂಕಾಲು ಗಂಟೆ. ಚಿನ್ನ, ಕಚ್ಚಾತೈಲದಂಥ ಸರಕುಗಳ ಮಾರುಕಟ್ಟೆಯಾದ ಎಂಸಿಎಕ್ಸ್‌ನಲ್ಲೂ ವ್ಯವಹರಿಸುವುದಾದರೆ ರಾತ್ರಿ 11.30 ದಾಟಬಹುದು, ಆಗ ಎರಡನೇ ಬ್ಯಾಟರಿ ಬೇಕೇ ಬೇಕು. ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಕರೆಂಟ್ ಬೇಕೆಂಬುದನ್ನೂ ಮರೆಯಬೇಡಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕಂಬ ಉರುಳಿ ಎರಡು ಮೂರು ದಿನ ಕರೆಂಟ್ ಇಲ್ಲದಿದ್ದಾಗ ಈ ಲೆಕ್ಕ ಕೈಕೊಡುತ್ತದೆ. ಜನರೇಟರ್ ಇದ್ದರೆ ಅದರಿಂದ ಇನ್ವರ್ಟರ್ ಚಾರ್ಜ್ ಮಾಡಿ, ಕಂಪ್ಯೂಟರನ್ನು ಇನ್ವರ್ಟರ್‌ನಿಂದ ನಡೆಸಿ. ಸಣ್ಣ ಜನರೇಟರ್‌ನ ವೋಲ್ಟೇಜ್ ಏರಿಳಿತಕ್ಕೆ ಕಂಪ್ಯೂಟರನ್ನು ನೇರವಾಗಿ ಒಡ್ಡಬೇಡಿ.

ಇನ್ವರ್ಟರ್ ಸೈನ್‌ವೇವ್ (ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು) ಆಗಿರಬೇಕು. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು (ಕಂಪ್ಯೂಟರಿನೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸ್ಕ್ವೇರ್‌ವೇವ್‌ನಲ್ಲಿ ಗುಂಯ್‌ಗುಟ್ಟುತ್ತವೆ, ಕೆಲವು ಆಫ್ ಆಗಿಯೇಬಿಡುತ್ತವೆ. ಇನ್ವರ್ಟರ್ ಹಿಂಬದಿಯಲ್ಲಿ ಯುಪಿಎಸ್ ಮತ್ತು ಎಕೊ ಎಂಬ ಸ್ವಿಚ್ ಇದ್ದರೆ ಯುಪಿಎಸ್ ಕಡೆಗೆ ಹಾಕಿ. ಆಗ ಕರೆಂಟ್ ಹೋದಾಗ ಸುಮಾರು 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ, ಕಂಪ್ಯೂಟರಿಗೆ ತಿಳಿಯುವುದೂ ಇಲ್ಲ. ಎಕೊದಲ್ಲಿ ಈ ಬದಲಾವಣೆ ನಿಧಾನ, ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಇಲ್ಲೊಂದು ತೊಡಕಿದೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಒಪ್ಪುವುದು ಸುಮಾರು 180ರಿಂದ 260 ವೋಲ್ಟ್ ಮಾತ್ರ. ಫೆಬ್ರವರಿ–ಮಾರ್ಚ್‌ನಲ್ಲಿ ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಹಗಲಿಡೀ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುತ್ತದೆ. ಆಗ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ನಡೆದು, ಮಧ್ಯಾಹ್ನದ ಹೊತ್ತಿಗೆ ಸದ್ದಿಲ್ಲದೆ ಖಾಲಿಯಾಗುತ್ತದೆ. 'ಬ್ಯಾಟರಿ ಹಾಳಾಗಿದೆ' ಎಂದು ಹೊಸದು ತರುವವರು ಬಹಳ ಮಂದಿ. ಮೊದಲು ಮಲ್ಟಿಮೀಟರ್‌ನಲ್ಲಿ ಬೆಳಗ್ಗೆ 10, ಮಧ್ಯಾಹ್ನ 1, ಸಂಜೆ 7 ಗಂಟೆಗೆ ವೋಲ್ಟೇಜ್ ಅಳೆದು ಒಂದು ವಾರ ಬರೆದಿಡಿ. ಇಳಿಯುತ್ತಿದ್ದರೆ ಇನ್ವರ್ಟರ್‌ಗಿಂತ ಮೊದಲು 2 ಕೆವಿಎ ಸ್ಟೆಬಿಲೈಸರ್ ಹಾಕಿಸಿ. ಮನೆಯ ಲೋಡ್ ಜೊತೆ ಬ್ಯಾಟರಿ ಚಾರ್ಜಿಂಗ್ ಕೂಡ ಅದರ ಮೂಲಕವೇ ಹೋಗುವುದರಿಂದ 500 ವಿಎಯದು ಸಾಲದು. ಹೀಗೆ ಮಾಡಿದರೆ ಕೊಟೇಶನ್‌ನಲ್ಲಿರುವ ಯುಪಿಎಸ್ ಅಗತ್ಯವೇ ಬೀಳದಿರಬಹುದು. ಬದಲಾಗುವಾಗ ಕಂಪ್ಯೂಟರ್ ಆಫ್ ಆದರೆ ಮಾತ್ರ ಅದನ್ನು ಇನ್ವರ್ಟರ್ ನಂತರ ಸೇರಿಸಿ. ಎಸ್‌ಎಂಪಿಎಸ್ 450 ವ್ಯಾಟ್, 80 ಪ್ಲಸ್ ಬ್ರಾಂಜ್ ದರ್ಜೆಯದಿರಲಿ. ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೇ ಬೇಡ.

ಅರ್ಥಿಂಗ್ ಬಗ್ಗೆ ಉದಾಸೀನ ಮಾಡಬೇಡಿ. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲವೆಂದೇ ಬಹುಮಟ್ಟಿಗೆ ಅರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ವಿದ್ಯುತ್ ಇಳಿಯಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೂರು ಅಳತೆ ಮಾಡಿಸಿ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮೊದಲೆರಡು ಹೆಚ್ಚುಕಡಿಮೆ ಒಂದೇ ಇರಬೇಕು, ಮೂರನೆಯದು 2–3 ವೋಲ್ಟ್ ದಾಟಬಾರದು. ಅರ್ಥ್ ರೆಸಿಸ್ಟೆನ್ಸ್ 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಅಳೆಯಬೇಕಾದದ್ದು ಮಾರ್ಚ್ ಕೊನೆಗೆ, ಮಳೆಗಾಲದಲ್ಲಲ್ಲ. ಒಣಗಿದ ಮಣ್ಣಿನಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಗುಡುಗು ಸಿಡಿಲು ಬರುವುದೂ ಆಗಲೇ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಕಂಪ್ಯೂಟರಿಗೆಂದು ಬೇರೆ ಗುಂಡಿ ತೋಡಿಸಿದರೆ ಅದನ್ನು ಮನೆಯ ಅರ್ಥ್‌ಗೆ ತಂತಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ಸಿಡಿಲು ಬಡಿದಾಗ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ನಿಮ್ಮ ಯಂತ್ರದ ಮೂಲಕವೇ ಹಾಯುತ್ತದೆ.

ಮೇನ್ ಬೋರ್ಡಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಹರಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಕ್ಕೆ ಹೋಗುವ ಮತ್ತು ಅದರಿಂದ ಅರ್ಥ್‌ಗೆ ಹೋಗುವ ತಂತಿ ಸೇರಿ ಅರ್ಧ ಮೀಟರ್ ಮೀರದಂತೆ ನೋಡಿಕೊಳ್ಳಿ, ಉದ್ದವಾದಷ್ಟೂ ಅದರ ರಕ್ಷಣೆ ಕುಗ್ಗುತ್ತದೆ. ಅದರ ಮೇಲಿನ ಪುಟ್ಟ ಕಿಟಕಿಯ ಬಣ್ಣ ಹಸಿರಿನಿಂದ ಕೆಂಪಾದರೆ ಒಳಗಿನ ತುಂಡು ಬದಲಿಸಬೇಕು. ಇಷ್ಟಿದ್ದರೂ ಹತ್ತಿರದಲ್ಲೇ ಸಿಡಿಲು ಹೊಡೆದರೆ ಯಾವ ಸಾಧನವೂ ತಡೆಯದು. ಗುಡುಗು ದೂರದಲ್ಲಿರುವಾಗಲೇ ಕಂಪ್ಯೂಟರ್ ಆಫ್ ಮಾಡಿ, ಕಂಪ್ಯೂಟರ್, ಮಾನಿಟರ್, ಮೋಡೆಮ್ ಎಲ್ಲದರ ಪ್ಲಗ್ ಕಿತ್ತು, ಲ್ಯಾನ್ ಕೇಬಲ್ ಕೂಡ ಬಿಡಿಸಿ, ಮೊಬೈಲಿಗೆ ಬನ್ನಿ. ಫೈಬರ್‌ನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಬಿಗಿತಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಸೂರಿನ ಹೊರಗೇ ಕತ್ತರಿಸಿ ನಿಲ್ಲಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರುವಂತೆ ಮಾಡಿಸಿಕೊಳ್ಳಿ.

ಪದೇ ಪದೇ ಪ್ಲಗ್ ಕೀಳುವುದರಿಂದ ಮದರ್‌ಬೋರ್ಡಿನ ಸಿಆರ್2032 ನಾಣ್ಯದ ಸೆಲ್ ಬೇಗ ಮುಗಿಯುತ್ತದೆ. ಆಗ ಗಡಿಯಾರ ಹಳೆಯ ತಾರೀಖಿಗೆ ಜಾರಿ, ಬ್ರೋಕರ್ ಸೈಟ್ ತೆರೆಯುವಾಗ ಭದ್ರತಾ ಎಚ್ಚರಿಕೆ ಬಂದು ಲಾಗಿನ್ ನಿಲ್ಲುತ್ತದೆ. ಬೆಳಗ್ಗೆ 9.10ಕ್ಕೆ ಹೀಗಾದರೆ ಬಲು ಕಷ್ಟ. ಒಂದು ಸೆಲ್ ಮೇಜಿನ ಡ್ರಾಯರ್‌ನಲ್ಲಿರಲಿ.

ಇಂಟರ್‌ನೆಟ್‌ಗೆ ವೇಗಕ್ಕಿಂತ ನಿರಂತರತೆ ಮುಖ್ಯ. ಬೆಲೆಗಳ ಹರಿವಿಗೆ 2 ಎಂಬಿಪಿಎಸ್ ಸಾಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8 ವಿಳಾಸಕ್ಕೆ ಅರ್ಧ ಗಂಟೆ ಪಿಂಗ್ ಓಡಿಸಿ ನೋಡಿ. 100 ಮಿಲಿಸೆಕೆಂಡಿನೊಳಗೆ ಸಮನಾಗಿ ಬರುತ್ತಿದ್ದು, ಕಳೆದುಹೋದ ಪ್ಯಾಕೆಟ್ ಇಲ್ಲವೆಂದರೆ ಲೈನ್ ಚೆನ್ನಾಗಿದೆ. ಕಂಪ್ಯೂಟರಿಗೆ ಲ್ಯಾನ್ ಕೇಬಲ್ಲನ್ನೇ ಎಳೆಯಿರಿ. ಹಳೆಯ ಮನೆಗಳ ದಪ್ಪ ಗೋಡೆ ವೈಫೈಯನ್ನು ನುಂಗಿಬಿಡುತ್ತದೆ. ಮೋಡೆಮ್, ರೂಟರ್‌ಗಳಿಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಕೊಡಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿ, ಕೆಲವು ರೂಟರ್‌ಗಳು 9 ವೋಲ್ಟಿನವು.

ಎರಡನೇ ಲೈನ್ ಬೇರೆ ಕಂಪನಿಯ 4ಜಿ ಆಗಿರಲಿ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲದ ಅಳತೆಯಾದ ಡಿಬಿಎಂ ಅಂಕಿ ಸಿಗುತ್ತದೆ. -90 ಚೆನ್ನಾಗಿದೆ, -105 ನಡೆಯುತ್ತದೆ, -115ಕ್ಕಿಂತ ಕೆಳಗಿಳಿದರೆ ನೆಚ್ಚುವಂತಿಲ್ಲ. ಮನೆಯ ಸುತ್ತ, ಮೇಲ್ಮಹಡಿಯಲ್ಲಿ, ಎಲ್ಲ ಕಂಪನಿಗಳ ಸಿಮ್ ಹಾಕಿ ಅಳೆಯಿರಿ. ಮಳೆ ಬರುವಾಗ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಟವರ್‌ಗೂ ಮನೆಗೂ ನಡುವಿನ ಮರಗಳ ಎಲೆ ನೆನೆದಾಗ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ. ಹೊರಗಿನ ಆಂಟೆನಾ ಸಿಕ್ಕಿಸಬಹುದಾದ 4ಜಿ ರೂಟರ್ ತಂದು, ಆಂಟೆನಾವನ್ನು ಸೂರಿನ ಕೆಳಗೆ, ಕಣಿವೆ ತೆರೆದುಕೊಳ್ಳುವ ದಿಕ್ಕಿಗೆ ಕಟ್ಟಿ. ಮಾಡಿನ ತುದಿಗೋ ಸಿಲ್ವರ್ ಓಕ್ ಮರಕ್ಕೋ ಕಟ್ಟಿದರೆ ಸಿಡಿಲನ್ನು ಕರೆದಂತೆ. ಫೈಬರ್ ತುಂಡಾದ ದಿನವೂ ಆ ಟವರ್ ನಡೆಯುತ್ತದೆಯೇ, ಆರು ಗಂಟೆ ಕರೆಂಟ್ ಇಲ್ಲದಾಗಲೂ ನಡೆಯುತ್ತದೆಯೇ ಎಂಬ ಎರಡನ್ನೂ ಗಮನಿಸಿ. ಎರಡೂ ಲೈನ್ ಒಟ್ಟಿಗೆ ಸಾಯುತ್ತಿದ್ದರೆ ಅವು ಎಲ್ಲೋ ಒಂದೇ ದಾರಿಯಲ್ಲಿ ಹೋಗುತ್ತಿವೆ ಎಂದು ತಿಳಿದು ಸಿಮ್ ಬದಲಿಸಿ. ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಮನ್ನು (ಆಲ್ಗೊ) ಬ್ರೋಕರ್‌ನ ಎಪಿಐ ಸಂಪರ್ಕದ ಮೂಲಕ ಓಡಿಸುವವರಿಗೆ ಇನ್ನೊಂದು ಸಮಸ್ಯೆ ಇದೆ. ಸೆಬಿಯ 2025ರ ನಿಯಮದಂತೆ ಅಂಥ ಆರ್ಡರ್‌ಗಳಿಗೆ ನೋಂದಾಯಿಸಿದ ಸ್ಥಿರ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಬೇಕು. ಮೊಬೈಲ್ ಡೇಟಾಕ್ಕೆ ಬದಲಾದ ಕ್ಷಣ ಐಪಿಯೂ ಬದಲಾಗುತ್ತದೆ, ಆರ್ಡರ್ ತಿರಸ್ಕೃತವಾಗುತ್ತದೆ. ಅಂಥವರು ಪ್ರೋಗ್ರಾಮನ್ನು ಬಾಡಿಗೆ ಸರ್ವರ್‌ನಲ್ಲಿಟ್ಟು ಮನೆಯಿಂದ ನಿಗಾ ಇಡುವುದೇ ಸರಿ.

ಮಳೆಗಾಲದ ಥಂಡಿಗೆ, ಅಂದರೆ ತೇವಕ್ಕೆ, ಮದ್ದು ಸರಳ. ಕ್ಯಾಬಿನೆಟ್ ನೆಲದಿಂದ ಒಂದಡಿ ಎತ್ತರದಲ್ಲಿ, ಹೊರಗೋಡೆಯಿಂದ ದೂರ, ಗಾಳಿಯಾಡುವ ಕಡೆ ಇರಲಿ. ಬೀರುವಿನೊಳಗೆ ಬೇಡ, ಹೊಗೆ ಬರುವ ಬೆಂಕಿಗೂಡಿನ ಹತ್ತಿರವೂ ಬೇಡ. ಮಳೆಗಾಲದಲ್ಲಿ ರಜಾದಿನವೂ ಒಂದು ಗಂಟೆ ಆನ್ ಮಾಡಿ, ಒಳಗಿನ ಶಾಖವೇ ತೇವ ಓಡಿಸುತ್ತದೆ. ಕೋಣೆಯ ತೇವಾಂಶ 60–65%ಕ್ಕಿಂತ ಕೆಳಗಿಳಿಯದಿದ್ದರೆ ಡಿಹ್ಯೂಮಿಡಿಫೈಯರ್ ಯೋಚಿಸಿ. ಆದರೆ ಅದನ್ನು ಇನ್ವರ್ಟರ್ ಮೇಲೆ ಓಡಿಸಬೇಡಿ. ಮಳೆಗಾಲ ಮುಗಿದ ಮೇಲೆ ಕಂಪ್ಯೂಟರ್ ಏಳದೆ ಬೀಪ್ ಅನ್ನುತ್ತಿದ್ದರೆ, ಬಹಳ ಸಲ ರ‍್ಯಾಮ್ ಕಡ್ಡಿಯ ಹಲ್ಲಿಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಹಾಕಿದರೆ ಸರಿಹೋಗುತ್ತದೆ.

ವಿಂಡೋಸ್‌ನಲ್ಲಿ ಸ್ಲೀಪ್ ಆಫ್ ಮಾಡಿ, ಅಪ್‌ಡೇಟ್‌ನ ಆ್ಯಕ್ಟಿವ್ ಅವರ್ಸ್ ಬೆಳಗ್ಗೆ 8ರಿಂದ ಸಂಜೆ 6ಕ್ಕೆ ಇಡಿ, 4ಜಿ ಸಂಪರ್ಕವನ್ನು ಮೀಟರ್ಡ್ (ಡೇಟಾ ಮಿತಿಯುಳ್ಳದ್ದು) ಎಂದು ಗುರುತಿಸಿ. ಕ್ರೋಮ್‌ನ ಮೆಮೊರಿ ಸೇವರ್ ಹಿಂದಿರುವ ಟ್ಯಾಬ್‌ಗಳನ್ನು ಮಲಗಿಸುತ್ತದೆ, ಅಲರ್ಟ್ ಮೊಳಗುವುದೇ ಇಲ್ಲ. ಬ್ರೋಕರ್ ಮತ್ತು ಚಾರ್ಟ್ ಸೈಟ್‌ಗಳನ್ನು ಸದಾ ಎಚ್ಚರವಿಡುವ ಪಟ್ಟಿಗೆ ಸೇರಿಸಿ. ಕದ್ದ ಚಾರ್ಟ್ ಸಾಫ್ಟ್‌ವೇರ್, ವಾಟ್ಸ್‌ಆ್ಯಪ್ ಗುಂಪಿನಿಂದ ಬಂದ ಇಂಡಿಕೇಟರ್ ಈ ಯಂತ್ರಕ್ಕೆ ಹಾಕಲೇಬೇಡಿ.

ಕೊನೆಗೆ, ಎಲ್ಲವೂ ಕೈಕೊಟ್ಟಾಗ ತೆರೆದಿರುವ ಪೊಸಿಷನ್ (ಇನ್ನೂ ಮುಗಿಸದ ವ್ಯವಹಾರ) ಗತಿಯೇನು? ಅಲರ್ಟ್ ಮತ್ತು ನಿಮ್ಮ ಕಂಪ್ಯೂಟರಿನ ಸಾಫ್ಟ್‌ವೇರ್‌ನಲ್ಲಿ ನಡೆಯುವ, ಬೆಲೆಯ ಹಿಂದೆಯೇ ಸರಿಯುವ ಟ್ರೇಲಿಂಗ್ ಸ್ಟಾಪ್, ಕಂಪ್ಯೂಟರ್ ಆಫ್ ಆದೊಡನೆ ಸತ್ತಂತೆ. ನಷ್ಟ ಒಂದು ಮಿತಿಗೆ ಬಂದಾಗ ವ್ಯವಹಾರ ಮುಗಿಸಲೆಂದು ಹಾಕಿಟ್ಟ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ ಉಳಿದಿರುತ್ತದೆ, ಹೇಳಿದ ಬೆಲೆ ಬಂದಾಗ ಆರ್ಡರ್ ಕಳಿಸುವ ಜಿಟಿಟಿ ಬ್ರೋಕರ್ ಸರ್ವರ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಪೊಸಿಷನ್ ತೆಗೆದುಕೊಂಡ ಕೂಡಲೇ ಸ್ಟಾಪ್‌ಲಾಸ್ ಹಾಕಿ. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಸಿಕ್ಕ ಬೆಲೆಗೆ ಮುಗಿಸುವ ಎಸ್‌ಎಲ್-ಎಂ ಸ್ಟಾಪ್‌ಲಾಸ್ ಆರ್ಡರ್ 2021ರಿಂದ ಇಲ್ಲ. ಎಸ್‌ಎಲ್ ಲಿಮಿಟ್ ಹಾಕುವಾಗ ಆರ್ಡರ್ ಜಾಗೃತವಾಗುವ ಬೆಲೆಗೂ (ಟ್ರಿಗರ್) ಒಪ್ಪುವ ಕೊನೆಯ ಬೆಲೆಗೂ (ಲಿಮಿಟ್) ಸಾಕಷ್ಟು ಅಂತರ ಬಿಡಿ. ಬೆಲೆ ಹಾರಿ ಲಿಮಿಟ್ ದಾಟಿಹೋದರೆ ಆರ್ಡರ್ ಹಾಗೇ ನೇತಾಡುತ್ತದೆ. ಫೋನಿನಲ್ಲೇ ಆರ್ಡರ್ ಹೇಳಬಹುದಾದ ಬ್ರೋಕರ್‌ನ ಕಾಲ್ ಅಂಡ್ ಟ್ರೇಡ್ ನಂಬರ್ ಮತ್ತು ನಿಮ್ಮ ಕ್ಲೈಂಟ್ ಐಡಿಯನ್ನು ಕಾಗದದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ.

ಎಲ್ಲ ಜೋಡಿಸಿದ ಮೇಲೆ, ಪೊಸಿಷನ್ ಇಲ್ಲದ ಒಂದು ವಹಿವಾಟಿನ ದಿನ 11 ಗಂಟೆಗೆ ಮನೆಯ ಮೇನ್ ಸ್ವಿಚ್ ಇಳಿಸಿ. ಕಂಪ್ಯೂಟರ್ ನಡೆಯುತ್ತಿರಬೇಕು, ಬೆಲೆ ಓಡುತ್ತಿರಬೇಕು. ಆಮೇಲೆ ಫೈಬರ್ ಮೋಡೆಮ್ ಆಫ್ ಮಾಡಿ, 4ಜಿಗೆ ಬದಲಾಗಿ ಬೆಲೆ ಮತ್ತೆ ಓಡಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಮೇನ್ ಏರಿಸದೆ 3.30ರವರೆಗೆ ಹಾಗೇ ಬಿಟ್ಟು, ಬ್ಯಾಟರಿ ತಡೆಯಿತೇ ಎಂದು ಗಮನಿಸಿ. ಇದರಲ್ಲಿ ಎಲ್ಲಿ ನಿಂತಿತೋ ಮೊದಲು ಅದನ್ನು ಸರಿಮಾಡಿಸಿ. ಮೂರನೇ ಮಾನಿಟರ್ ವಿಚಾರ ಅದಾದ ಮೇಲೆ ನೋಡೋಣ.